ಸ್ನಾನವಾಗದ ಒಬ್ಬರು

ಅರ್ಜಿಯ ಕೊನೆಯ ಪುಟಕ್ಕೆ ಬಂದು ಸೆಕ್ರೆಟರಿ ಕೈಚೆಲ್ಲಿ ಕೂತಳು. ಅಲ್ಲಿಯವರೆಗೆ ಹೇಗೋ ಏಗಿಕೊಂಡು ಬಂದಿದ್ದಳು. ಸಂಸ್ಥೆಯ ಧ್ಯೇಯ ಹೇಳಿ ಅಂದಿದ್ದರು, ಹೇಳಿದ್ದಳು. ಅದನ್ನೇ ಅರ್ಧಕ್ಕಿಳಿಸಿ ಹೇಳಿ ಅಂದಿದ್ದರು, ಇಳಿಸಿದ್ದಳು. ನಿಮ್ಮ ಕೆಲಸದಲ್ಲಿ ಹೊಸತೇನಿದೆ ಎಂಬ ಪ್ರಶ್ನೆಗೆ, ಮಾಡುವುದು ನೀರು ಕಾಯಿಸಿ ಮೈ ತೊಳೆಯುವ ಕೆಲಸವೇ ಆದರೂ, 'ಮನೆಬಾಗಿಲಿಗೆ ನೈರ್ಮಲ್ಯ' ಎಂದು ಬರೆದು ತನ್ನಷ್ಟಕ್ಕೆ ನಾಚಿಕೊಂಡಿದ್ದಳು. ಈಗ ಪರದೆಯ ಮೇಲಿದ್ದದ್ದು ಇದು: ಯೋಜನೆ ಮುಗಿಯುವ ಹೊತ್ತಿಗೆ ನಿಮ್ಮ ಫಲಾನುಭವಿಗಳಲ್ಲಿ ಎಷ್ಟು ಮಂದಿಗೆ ನಿಮ್ಮ ಸೇವೆಯ ಅಗತ್ಯ ಇಲ್ಲವಾಗುತ್ತದೆ?

"ಸತ್ತೋರು ಎಷ್ಟು ಜನ ಅಂತ ಕೇಳ್ತಿದಾರೆ," ಅಂದ ಹಿಂದಿನಿಂದ ಇಣುಕಿದ, ಎಲ್ಲರೂ ಕ್ರೇನ್ ಎಂದು ಕರೆಯುವ ಆಳು.

"ಸುಮ್ನಿರು ಮಾರಾಯ."

"ಅಲ್ಲಕ್ಕ, ಮತ್ತೆ ಇನ್ಯಾರಿಗೆ ಬೇಡವಾಗುತ್ತೆ ಹೇಳು? ಎದ್ದು ಓಡಾಡೋರನ್ನ ನಾವು ಮುಟ್ಟೋದೇ ಇಲ್ಲ."

ಅವನು ಹೇಳಿದ್ದು ಸುಳ್ಳಲ್ಲ. ಸಂಸ್ಥೆಯ ಕೆಲಸ ಅಷ್ಟೇ ಇತ್ತು: ಹಾಸಿಗೆ ಹಿಡಿದು ಇನ್ನು ಏಳಲಾರದವರ ಮನೆಗೆ ವಾರಕ್ಕೊಮ್ಮೆ ಹೋಗಿ ಮಲಗಿದಲ್ಲೇ ತಲೆಯಿಂದ ಕಾಲಿನವರೆಗೆ ಸ್ನಾನ ಮಾಡಿಸಿ ಬರುವುದು. ಶುರು ಮಾಡಿದವಳು ಸೆಕ್ರೆಟರಿಯ ದೊಡ್ಡಮ್ಮ. ಹಾಸಿಗೆ ಹಿಡಿದ ಸ್ವಂತ ತಂಗಿಯನ್ನು, ಅಂದರೆ ಸೆಕ್ರೆಟರಿಯ ತಾಯಿಯನ್ನು, ಕೊನೆಯವರೆಗೆ ತೊಳೆದು, ಆ ಕೈಗಳಿಗೆ ಆಮೇಲೆ ಬೇರೆ ಕೆಲಸ ಹಿಡಿಸದೆ ಬೀದಿಯಲ್ಲಿ ಇನ್ಯಾರಿಗೆ ಬೇಕು ಎಂದು ಕೇಳಿಕೊಂಡು ಹೊರಟವಳು. ಎತ್ತಲು, ಮಗುಚಲು ಒಬ್ಬ ಗಂಡಾಳು ಬೇಕಾದಾಗ ಗೋದಾಮಿನಲ್ಲಿ ಮೂಟೆ ಹೊರುತ್ತಿದ್ದ ಈ ಕ್ರೇನ್ ಬಂದ. ರಬ್ಬರ್ ಹಾಳೆಯನ್ನು ಮೈಯ ಕೆಳಗೆ ಸರಿಸಿ, ಅಂಚಿನ ಅಡಿಗೆ ಸುತ್ತಲೂ ಸುರುಳಿ ಸುತ್ತಿದ ಟವೆಲ್ ಇಟ್ಟರೆ ಹಾಸಿಗೆಯೇ ತೊಟ್ಟಿಯಾಗುತ್ತದೆ. ಒಂದು ಮೂಲೆಯನ್ನು ಬಕೆಟ್ಟಿಗೆ ಇಳಿಬಿಟ್ಟರೆ ನೀರು ತಾನಾಗಿ ಹರಿದುಹೋಗುತ್ತದೆ. ಇದು ದೊಡ್ಡಮ್ಮನದೇ ಉಪಾಯ. ಸೆಕ್ರೆಟರಿ ಯಾರನ್ನೂ ತೊಳೆದವಳಲ್ಲ. ತಾಯಿಯನ್ನು ಕೂಡ. ಅವಳ ಪಾಲಿಗೆ ಬಂದದ್ದು ಮುಚ್ಚಿದ ಅಂಗಡಿಯೊಂದರ ಮೆಟ್ಟಿಲ ಕೆಳಗಿನ ಈ ಕೋಣೆ, ಕಿಟಕಿಯ ಸರಳಿನ ಮೇಲೆ ಒಣಗಲು ಹಾಕಿದ ರಬ್ಬರ್ ಹಾಳೆಗಳು ತೊಟಕ್ ತೊಟಕ್ ಎಂದು ನೀರಿಳಿಸುವ ಸದ್ದು, ಮತ್ತು ಕಂಪ್ಯೂಟರು.

ಇಷ್ಟು ವರ್ಷ ಅರ್ಜಿಯ ಗೊಡವೆ ಇರಲಿಲ್ಲ. ಸೋಪಿನ ಸಾಹುಕಾರರೊಬ್ಬರು ತಿಂಗಳು ತಿಂಗಳು ದುಡ್ಡು ಕಳಿಸುತ್ತಿದ್ದರು. ಲೆಕ್ಕ ಒಪ್ಪಿಸಲು ಹೋದರೆ, "ಜನರನ್ನ ತೊಳೀತಿದೀರಲ್ಲ, ಸಾಕು ಹೋಗಮ್ಮ" ಎನ್ನುತ್ತಿದ್ದರು. ಅವರು ತೀರಿಕೊಂಡರು. ಮಕ್ಕಳು ಒಳ್ಳೆಯವರೇ, ಬೇಸಿಗೆ ಮುಗಿಯುವ ತನಕ ಕೊಡುತ್ತೇವೆ, ಆಮೇಲೆ ನಮ್ಮನ್ನು ನೆಚ್ಚಿಕೊಳ್ಳಬೇಡಿ ಎಂದು ಮುಖ ನೋಡಿಯೇ ಹೇಳಿದರು. ಆಮೇಲೆ ಸೆಕ್ರೆಟರಿ ಒಂದೊಂದಾಗಿ ಪ್ರತಿಷ್ಠಾನಗಳ ಬಾಗಿಲು ತಟ್ಟಿದಳು. ಕೆಲವರಿಗೆ ಮಕ್ಕಳೇ ಬೇಕಿತ್ತು, ಕೆಲವರಿಗೆ ಮರಗಳು. ಕೆಲವರು ಈಗಾಗಲೇ ನಡೆಯುತ್ತಿರುವ ಕೆಲಸಕ್ಕೆ ಕೊಡುವುದಿಲ್ಲ ಅಂದರು. ನಡೆಯದೆ ನಿಂತ ಕೆಲಸಕ್ಕೂ ಕೊಡುವುದಿಲ್ಲ ಅಂದರು. ಬೇಸಿಗೆಯಲ್ಲಿ ಹೆಚ್ಚೇನೂ ಉಳಿದಿರಲಿಲ್ಲ. ಈ ಅರ್ಜಿ ಕೈಕೊಟ್ಟರೆ ಮನೆಮನೆಗೆ ಬಿಸಿನೀರು ಒಯ್ಯುವ ವ್ಯಾನಿನ ಬಾಯ್ಲರು ಆರುತ್ತದೆ, ಮಲಗಿದವರು ಹಾಗೆಯೇ ಮಲಗಿರುತ್ತಾರೆ. ಇದು ಮೂವರಿಗೂ ಗೊತ್ತಿತ್ತು. ಯಾರೂ ಬಾಯಿ ಬಿಟ್ಟು ಹೇಳುತ್ತಿರಲಿಲ್ಲ.

ಆ ಪ್ರಶ್ನೆಗೆ ಅವಳು 'ಪರಿಶೀಲನೆಯಲ್ಲಿದೆ' ಎಂದು ಬರೆದು ಕಳಿಸಿಬಿಟ್ಟಳು.

ಆಶ್ಚರ್ಯವೆಂದರೆ ಫೋನು ಬಂತು. ಪ್ರತಿಷ್ಠಾನದ ಆಫೀಸರ್. ಇಸ್ತ್ರಿ ಮಾಡಿಟ್ಟಂಥ ದನಿ, ಎಳೆಯ ವಯಸ್ಸು.

"ಮೇಡಂ, ನಿಮ್ಮ ಅರ್ಜಿ ಮೊದಲ ಸುತ್ತು ದಾಟಿದೆ. ತುಂಬಾ ಚೆನ್ನಾಗಿ ಬರ್ದಿದೀರ. ಒಂದೇ ಒಂದು ಕೊರತೆ. ಬೇಸ್‌ಲೈನ್ ಇಲ್ಲ."

"ಅಂದ್ರೆ?"

"ನೀವು ಹೋಗೋಕ್ಕೆ ಮುಂಚೆ ಅವರ ಸ್ಥಿತಿ ಹೇಗಿತ್ತು, ಹೋದ್ಮೇಲೆ ಹೇಗಾಯ್ತು ಅಂತ. ನೀವು ಕಳಿಸಿರೋ ಫೋಟೋಗಳಲ್ಲಿ ಎಲ್ಲರೂ ಲಕ್ಷಣವಾಗಿದಾರೆ. ನಮ್ಮ ಕಮಿಟೀಲಿ ಒಬ್ಬರು ಕೇಳಿದ್ರು, ಇವರಿಗೆಲ್ಲ ಏನಾಗಿದೆ ಅಂತ."

ಮೈ ಒರೆಸಿ, ತಲೆ ಬಾಚಿ, ಒಗೆದ ಬಟ್ಟೆ ಹಾಕಿದ ಮೇಲೆಯೇ ಫೋಟೋ, ಅದೂ ಅವರು ಹೂಂ ಅಂದರೆ ಮಾತ್ರ. ಇದು ದೊಡ್ಡಮ್ಮನ ಕಟ್ಟಾಜ್ಞೆ. ಡಾಕ್ಟರು ಬರುತ್ತಾರೆಂದರೂ ಅವಳು ಮೊದಲು ಒಂದು ಚೊಂಬು ನೀರು ಹಾಕಿಯೇ ಒಳಗೆ ಬಿಡುತ್ತಿದ್ದಳು.

"ನಾನೇ ಮುಂದಿನ ಮಂಗಳವಾರ ಬರ್ತೀನಿ," ಅಂದ ಆಫೀಸರ್. "ಸ್ನಾನ ಆಗದೆ ಇರೋ ಒಬ್ಬರನ್ನ ತೋರಿಸಿ. ಒಂದು ವಾರದ್ದಲ್ಲ, ಸ್ವಲ್ಪ ಹೆಚ್ಚಾಗಿದ್ರೆ ವ್ಯತ್ಯಾಸ ಕಾಣುತ್ತೆ. ನನ್ನೆದುರಿಗೇ ಸ್ನಾನ ಮಾಡಿಸಿ. ಎರಡೂ ದಾಖಲೆಯಾದ್ರೆ ಮುಗೀತು."

ದೊಡ್ಡಮ್ಮ ಕೇಳಿಸಿಕೊಂಡು ಮೂಗು ಮುರಿದಳು. "ಸ್ನಾನ ಆಗದೆ ಇರೋರನ್ನ ಎಲ್ಲಿಂದ ತರ್ತೀಯೆ? ನಮ್ಮ ಹತ್ರ ಇರೋದೆಲ್ಲ ಆಗಿರೋರೇ."

"ಹೊಸಬರು ಯಾರಾದ್ರೂ?"

"ಇವತ್ತು ತೊಳೆದು, ದುಡ್ಡು ಬರ್ಲಿಲ್ಲ ಅಂತ ಬೇಸಿಗೆ ಮುಗಿದ್ಮೇಲೆ ಬಿಡೋದಾ? ಒಂದ್ಸಲ ಮುಟ್ಟಿದ ಮೈಯನ್ನ ಹಂಗೆ ಬಿಟ್ಟುಬರೋಕೆ ನನ್ನ ಕೈಲಾಗಲ್ಲ. ಈಗಿರೋರನ್ನ ಏನು ಮಾಡ್ಲಿ ಅನ್ನೋದೇ ನಂಗೆ ನಿದ್ದೆ ಕೆಡಿಸಿದೆ."

ಮಾತು ಅಲ್ಲಿಗೆ ನಿಲ್ಲುತ್ತಿತ್ತು. ಆದರೆ ಕ್ರೇನ್‌ನ ಬಾಯಿಗೆ ಬೀಗವಿಲ್ಲ. ಮಾರನೆಯ ದಿನ ಕಂಡಕ್ಟರನ ಮನೆಯಲ್ಲಿ, ಅವನನ್ನು ಮಗ್ಗುಲಿಗೆ ತಿರುಗಿಸಿ ಹಿಡಿದುಕೊಂಡೇ ಎಲ್ಲ ಕತೆಯನ್ನೂ ಒಪ್ಪಿಸಿಬಿಟ್ಟ. ಸಂಜೆಗೆ ಸೆಕ್ರೆಟರಿಗೆ ಕರೆ ಬಂತು, ಮನೆಗೆ ಬಂದು ಹೋಗಬೇಕಂತೆ.

ಕಂಡಕ್ಟರ್ ಓಡುವ ಬಸ್ಸಿನ ಮೆಟ್ಟಿಲಿನಿಂದ ಬಿದ್ದು ಸೊಂಟದ ಕೆಳಗಿನ ಅರಿವು ಕಳೆದುಕೊಂಡವನು. ಮಾತು ಮಾತ್ರ ಬಸ್ಸಿನಲ್ಲೇ ಉಳಿದಿತ್ತು. ಮುಂದಿನ ಕೋಣೆಯಲ್ಲಿ ಹೊಲಿಗೆ ಯಂತ್ರದ ಮುಂದೆ ಅವನ ತಂಗಿ, ನೆಲದ ತುಂಬ ದಾರದ ತುಣುಕು. ಒಳಕೋಣೆಯಲ್ಲಿ ಎತ್ತರದ ಮಂಚ, ಅದರ ಮೇಲೆ ಅವನು.

"ಬನ್ನಿ ಬನ್ನಿ ಸೆಕ್ರೆಟರಿ ಮೇಡಂ, ಬಾಗಿಲಲ್ಲಿ ನಿಲ್ಬೇಡಿ, ಒಳಗೆ ಹೋಗಿ, ಸೀಟ್ ಖಾಲಿ ಇದೆ," ಎಂದು ಸ್ಟೂಲು ತೋರಿಸಿದ. "ನಿಮಗೆ ಒಬ್ಬ ಗಬ್ಬು ನಾರೋನು ಬೇಕಂತೆ. ನಾನಾಗ್ತೀನಿ."

"ಅಯ್ಯೋ, ಅವನು ಏನೇನೋ ಹೇಳಿದಾನೆ..."

"ಎಲ್ಲ ಸರಿಯಾಗೇ ಹೇಳಿದಾನೆ. ನೋಡಿ, ಇವತ್ತು ಆಯ್ತು. ಮುಂದಿನ ವಾರದ್ದು ತಪ್ಪಿಸಿ, ಅದರ ಮುಂದಿನ ಮಂಗಳವಾರಕ್ಕೆ ಕರೀರಿ ಆ ಪುಣ್ಯಾತ್ಮನ್ನ. ನಾನು ಹದವಾಗಿರ್ತೀನಿ."

"ಅಣ್ಣಂಗೆ ತಲೆ ಕೆಟ್ಟಿದೆ," ಎಂದಳು ತಂಗಿ ಯಂತ್ರ ನಿಲ್ಲಿಸದೆ. "ನಿಮಗೂ ಕೆಟ್ಟಿದ್ಯಾ? ವಾಸನೆ ತಡ್ಕೊಂಡು ಇದೇ ಮನೇಲಿ ಇರೋಳು ನಾನು."

"ನೀನು ಸುಮ್ನೆ ಗುಂಡಿ ಹೊಲಿ," ಅಂದ ಕಂಡಕ್ಟರ್. ಆಮೇಲೆ ದನಿ ತಗ್ಗಿಸಿದ. "ಮೇಡಂ, ಇಷ್ಟು ವರ್ಷ ನಿಮ್ಮ ದೊಡ್ಡಮ್ಮ ನನ್ನ ಕಾಲ್ಬೆರಳ ಸಂದಿ ಸಂದಿ ಒರೆಸಿದಾರೆ. ನಂಗೆ ಅದು ಗೊತ್ತೂ ಆಗಲ್ಲ, ಆದ್ರೂ ಒರೆಸ್ತಾರೆ. ವಾಪಸ್ ಕೊಡೋಕೆ ನನ್ನ ಹತ್ರ ಏನಿದೆ? ಕೊಳೆ ಒಂದಿದೆ. ಅದನ್ನಾದ್ರೂ ತಗೊಳ್ಳಿ."

ಅವಳು ಬೇಡ ಎನ್ನಬೇಕಿತ್ತು. ಎನ್ನುತ್ತೇನೆ ಎಂದುಕೊಂಡೇ ಬಾಯಿ ತೆರೆದಳು. ಹೊರಗೆ ಬಂದದ್ದು ಥ್ಯಾಂಕ್ಸ್.

ದೊಡ್ಡಮ್ಮ ರೇಗುತ್ತಾಳೆ ಅಂದುಕೊಂಡಿದ್ದಳು. ದೊಡ್ಡಮ್ಮ ರೇಗಲಿಲ್ಲ. ಒಣಗಿದ ಹಾಳೆಯೊಂದನ್ನು ಮಡಿಸುತ್ತಿದ್ದವಳು, ಮಡಿಸಿದ್ದನ್ನು ಬಿಚ್ಚಿ ಮತ್ತೆ ಮಡಿಸಿದಳು. "ಒಂದು ಸಲ. ಒಂದೇ ಸಲ ತಪ್ಪಿಸೋದು," ಅಂದಳು. ಎದುರು ಮಾತು ಇದ್ದಿದ್ದರೆ ಚೆನ್ನಾಗಿತ್ತು ಎಂದು ಸೆಕ್ರೆಟರಿಗೆ ಅನ್ನಿಸಿತು. ಬೇರೆ ದಾರಿ ಕಾಣದೆ ಒಪ್ಪಿದವರ ಮುಖ ನೋಡುವುದಕ್ಕಿಂತ ಬೈಸಿಕೊಳ್ಳುವುದು ಸುಲಭ.

ಆಫೀಸರಿಗೆ ಹೇಳಿ ಒಂದು ವಾರ ಮುಂದೂಡಿಸಿದ ಮಂಗಳವಾರ ಬಂತು. ಆಫೀಸರ್ ಬರಲಿಲ್ಲ. ಬೆಳಿಗ್ಗೆ ಒಂದು ಸಂದೇಶ ಬಂತು: ಕ್ಷಮಿಸಿ ಮೇಡಂ, ತುರ್ತು ಮೀಟಿಂಗ್, ಮುಂದಿನ ವಾರ ಖಂಡಿತ. ಕೆಳಗೆ ಕೈಮುಗಿದ ಚಿತ್ರ.

ದೊಡ್ಡಮ್ಮ ಬಕೆಟ್ಟು ಹಿಡಿದು ಕಂಡಕ್ಟರನ ಮನೆಗೆ ಹೋದಳು. ಹೋದಷ್ಟೇ ವೇಗದಲ್ಲಿ ವಾಪಸ್ ಬಂದಳು. "ಹೋಗಿ ನೀನೇ ಕೇಳು ಅವನನ್ನ. ಹೊದಿಕೆ ಹಿಡ್ಕೊಂಡು ಬಿಡಲ್ಲ ಅಂತಾನೆ, ಎಳೇ ಮಗು ಹಂಗೆ."

ಸೆಕ್ರೆಟರಿ ಹೋದಳು. ಹೊಸ್ತಿಲಲ್ಲೇ ವಾಸನೆ ಮೂಗಿಗೆ ಅಡರಿತು. ಅದು ಅವಳು ಅಂದುಕೊಂಡಂತೆ ಬೆವರಿನದಾಗಿರಲಿಲ್ಲ, ಹುಳಿಯಾಗಿತ್ತು, ಒದ್ದೆ ಬಟ್ಟೆಯನ್ನು ಮುಚ್ಚಿಟ್ಟು ಮರೆತ ಹಾಗೆ. ಕಿಟಕಿ ತೆರೆದಿತ್ತು. ತಂಗಿ ಯಂತ್ರವನ್ನು ಬಾಗಿಲಿನಾಚೆ ಎಳೆದುಕೊಂಡು ಕೂತಿದ್ದಳು. ಇವಳನ್ನು ನೋಡಿ ಕಣ್ಣು ತಪ್ಪಿಸಿದಳು.

"ಇವತ್ತು ತೊಳೆದುಬಿಡೋಣ," ಅಂದಳು ಸೆಕ್ರೆಟರಿ. "ಅವರಿಗೆ ಬೇರೆ ಏನಾದ್ರೂ ಹೇಳ್ತೀನಿ."

"ಏನು ಹೇಳ್ತೀರ?"

ಅವಳು ಸ್ಟೂಲು ಎಳೆದು ಕೂತಳು.

"ನೋಡಿದ್ರಾ, ನಿಮ್ಮ ಹತ್ರ ಬೇರೆ ಮಾತೇ ಇಲ್ಲ," ಎಂದು ನಕ್ಕ ಕಂಡಕ್ಟರ್. ಗಡ್ಡ ಬೆಳೆದು ಮುಖ ಸಣ್ಣದಾಗಿತ್ತು. ಮೈಯೊರೆಸಲೂ ಬಿಡುತ್ತಿರಲಿಲ್ಲವಂತೆ, ವ್ಯತ್ಯಾಸ ಕಡಿಮೆಯಾಗುತ್ತೆ ಅಂತ. "ಅರ್ಧ ದಾರೀಲಿ ಇಳಿಸ್ಬೇಡಿ ನನ್ನ. ಇಷ್ಟು ದೂರ ಬಂದಾಯ್ತು. ಇನ್ನೊಂದು ವಾರ ತಾನೆ? ರೈಟ್ ರೈಟ್."

ಅವಳಿಗೆ ಬೇಕಾಗಿದ್ದ ಉತ್ತರ ಅದೇ ಆಗಿತ್ತು. ಅದು ಸಿಕ್ಕಿದಾಗ ಎದೆ ಹಗುರಾಯಿತು. ಹಗುರಾಯಿತೆಂದು ಗೊತ್ತಾದ ಮೇಲೆ ಬೀದಿಯ ತಿರುವಿನವರೆಗೆ ನಡೆದು, ಅಲ್ಲಿ ಟೈರ್ ಅಂಗಡಿಯ ಗೋಡೆಗೆ ಒರಗಿ ಸ್ವಲ್ಪ ಹೊತ್ತು ನಿಂತಳು.

ಮತ್ತೊಂದು ಮಂಗಳವಾರವೂ ಆಫೀಸರ್ ಕ್ಷಮೆ ಕೇಳಿದ. ಅವನ ಮಗುವಿಗೆ ಜ್ವರ. ಜ್ವರದ ಮಗುವಿನ ಮೇಲೆ ಸಿಟ್ಟಾಗುವಂತಿಲ್ಲ. ಸೆಕ್ರೆಟರಿ 'ಬೇಗ ಗುಣವಾಗಲಿ' ಎಂದು ಬರೆದು ಕಳಿಸಿದಳು, ಅವಳೂ ಒಂದು ಕೈಮುಗಿದ ಚಿತ್ರ ಹಾಕಿದಳು. ಆ ವಾರವಿಡೀ ದೊಡ್ಡಮ್ಮ ಅವಳೊಡನೆ ಮಾತಾಡಲಿಲ್ಲ. ಕ್ರೇನ್ ಮಾತಾಡಿದ, ಆದರೆ ಹವಾಮಾನದ ಬಗ್ಗೆ.

ಕೊನೆಗೆ ಆಫೀಸರ್ ಬಂದ, ಮಂಗಳವಾರ ಬಿಟ್ಟು ಗುರುವಾರ. ತೆಳ್ಳಗೆ, ಕಣ್ಣಿನ ಸುತ್ತ ನಿದ್ದೆಗೆಟ್ಟ ಕಪ್ಪು. ಬಾಗಿಲಲ್ಲಿ ತಾನಾಗಿ ಬೂಟು ಬಿಚ್ಚಿದ. ಮಗು ಹೇಗಿದೆ ಎಂದು ದೊಡ್ಡಮ್ಮ ಕೇಳಿದ್ದಕ್ಕೆ, ಈಗ ಆಡ್ತಿದೆ ಅಂದ. ಒಳಕೋಣೆಗೆ ಕಾಲಿಟ್ಟವನು ಒಂದು ಕ್ಷಣ ಉಸಿರು ಹಿಡಿದ. ಆದರೆ ಮೂಗು ಮುಚ್ಚಲಿಲ್ಲ. ಒಳ್ಳೆಯ ಹುಡುಗನೇ ಎಂದುಕೊಂಡಳು ಸೆಕ್ರೆಟರಿ. ಒಳ್ಳೆಯ ಹುಡುಗ, ಎಲ್ಲ ಸರಿಹೋಗುತ್ತದೆ.

"ಬನ್ನಿ ಸಾರ್, ಲೇಟಾದ್ರೂ ಪರವಾಗಿಲ್ಲ, ಬಸ್ಸು ಕಾದಿದೆ," ಅಂದ ಕಂಡಕ್ಟರ್. ತುಟಿ ಒಣಗಿತ್ತು, ಮಾತಿನ ನಡುವೆ ದಮ್ಮು ಹತ್ತುತ್ತಿತ್ತು. ಆಫೀಸರ್ ಟ್ಯಾಬ್ ಎತ್ತಿ, ಅನುಮತಿ ಕೇಳಿ, ಫೋಟೋ ತೆಗೆದ. ಮುಖದ್ದು, ಜಿಡ್ಡುಗಟ್ಟಿದ ಕೂದಲಿನದು, ಮಣ್ಣುಬಣ್ಣಕ್ಕೆ ತಿರುಗಿದ ದಿಂಬಿನದು. ಕಂಡಕ್ಟರ್ ಮದುವೆ ಗಂಡಿನ ಹಾಗೆ ಗಲ್ಲ ಎತ್ತಿ ಕೊಟ್ಟ.

"ಇನ್ನು ಶುರು ಮಾಡಿ."

ಕ್ರೇನ್ ಒಂದು ಕೈ ಭುಜಕ್ಕೆ, ಒಂದು ಕೈ ಸೊಂಟಕ್ಕೆ ಕೊಟ್ಟು ಅವನನ್ನು ಮಗ್ಗುಲಿಗೆ ತಿರುಗಿಸಿದ. ದೊಡ್ಡಮ್ಮ ರಬ್ಬರ್ ಹಾಳೆ ಸರಿಸಲು ಬಗ್ಗಿದಳು. ಬಗ್ಗಿದವಳು ಹಾಗೇ ಉಳಿದಳು.

ಬೆನ್ನಿನ ಬುಡದಲ್ಲಿ ಅಂಗೈಯಗಲ ಜಾಗ ಕಪ್ಪಾಗಿತ್ತು. ನಡುವೆ ಚರ್ಮ ಬಿರಿದು ಒಳಗಿನದು ಕಾಣುತ್ತಿತ್ತು.

"ಕೊಳೆ ಅಂದ್ಕೊಂಡಿದ್ದೆ," ಅಂದಳು ತಂಗಿ. ಯಾರೂ ಅವಳನ್ನು ಕೇಳಿರಲಿಲ್ಲ. "ದಿನಾ ತಿರುಗಿಸ್ತಿದ್ದೆ. ಎಲ್ಲಾ ಕಡೆ ಕೊಳೆ ಇತ್ತಲ್ಲ, ಅದೂ ಕೊಳೆನೇ ಅಂದ್ಕೊಂಡೆ."

"ಏನಾಯ್ತು?" ಎಂದ ಕಂಡಕ್ಟರ್ ಗೋಡೆಯ ಕಡೆ ಮುಖ ಮಾಡಿಕೊಂಡೇ. ಅವನಿಗೆ ಅಲ್ಲಿ ಏನೂ ತಿಳಿಯುತ್ತಿರಲಿಲ್ಲ. "ಯಾಕೆ ಎಲ್ಲರೂ ಬ್ರೇಕ್ ಹಾಕಿದ್ರಿ?"

ಆಫೀಸರ್ ಟ್ಯಾಬಿನಲ್ಲಿ ಅರ್ಜಿ ತೆರೆದು ಬೆರಳಿನಿಂದ ಮೇಲಕ್ಕೆ ತಳ್ಳುತ್ತಾ ಹೋದ. ಎಲ್ಲಿ ನಿಲ್ಲುತ್ತಾನೆ ಎಂಬುದು ಸೆಕ್ರೆಟರಿಗೆ ಗೊತ್ತಿತ್ತು. ಬರೆದವಳು ಅವಳೇ: ನಮ್ಮ ಆರೈಕೆಯಲ್ಲಿರುವ ಒಬ್ಬರಿಗೂ ಇಂದಿನವರೆಗೆ ಹಾಸಿಗೆ ಹುಣ್ಣು ಆಗಿಲ್ಲ. ಇಡೀ ಅರ್ಜಿಯಲ್ಲಿ ಒಂದು ಅಕ್ಷರವೂ ಉಬ್ಬಿಸದೆ ಬರೆದ ವಾಕ್ಯ ಅದೊಂದೇ.

"ಮೇಡಂ, ಇವರು ನಿಮ್ಮಲ್ಲಿ ಎಷ್ಟು ಕಾಲದಿಂದ ಇದಾರೆ?"

"ಶುರುವಿನಿಂದ," ಅಂದಳು ದೊಡ್ಡಮ್ಮ, ಅವಳ ಪರವಾಗಿ. ದೊಡ್ಡಮ್ಮನಿಗೆ ಇಂಥಲ್ಲಿ ಸುಳ್ಳು ಬರುವುದಿಲ್ಲ.

"ಹಾಗಿದ್ರೆ ಇದು..."

"ಸಾರ್, ಅವರದ್ದೇನೂ ತಪ್ಪಿಲ್ಲ!" ಎಂದ ಕಂಡಕ್ಟರ್. ಏನೋ ಎಡವಟ್ಟಾಗಿದೆ ಎಂದು ಅವನಿಗೆ ದನಿಯಲ್ಲೇ ಅಂದಾಜು ಸಿಕ್ಕಿತ್ತು. ಗೋಡೆಗೆ ಹೇಳುವ ಹಾಗೆ ಗಟ್ಟಿಯಾಗಿ ಹೇಳಿದ. "ಅವರು ಪಾಪ ವಾರ ವಾರ ಬರ್ತಾರೆ. ನಾನೇ ಬೇಡ ಅಂತ ವಾಪಸ್ ಕಳಿಸ್ತೀನಿ. ಹೊದಿಕೆನೇ ಬಿಡಲ್ಲ. ಬೇಕಾದ್ರೆ ನನ್ನ ತಂಗೀನ ಕೇಳಿ."

"ಬೇಡ ಅಂತೀರಾ? ಯಾಕೆ?" ಆಫೀಸರನ ದನಿ ಮೃದುವಾಯಿತು. ಇದು ಅವನಿಗೆ ಗೊತ್ತಿರುವ ಪ್ರಶ್ನೆ. "ಅವರು ಮಾಡೋ ರೀತಿ ನಿಮಗೆ ಹಿಡಿಸಲ್ವಾ? ಧೈರ್ಯವಾಗಿ ಹೇಳಿ."

"ಹಂಗಲ್ಲ, ತುಂಬಾ ಚೆನ್ನಾಗಿ ಮಾಡ್ತಾರೆ. ಅದು... ನಂಗೇ ಅಷ್ಟೇನೂ ಬೇಕು ಅನ್ಸಲ್ಲ ಸಾರ್. ಇಲ್ಲದೇನೂ ಇರಬಲ್ಲೆ. ಅಷ್ಟೇ."

ಆಫೀಸರ್ ಬೆರಳಾಡಿಸಿದ. ಸೆಕ್ರೆಟರಿ ಅವನ ಭುಜದ ಮೇಲಿನಿಂದ ನೋಡಿದಳು. 'ಸೇವೆಯ ಅಗತ್ಯ' ಎಂಬ ಕಡೆ ಅವನು 'ಇಲ್ಲ' ಎಂಬ ಚೌಕವನ್ನು ಮುಟ್ಟಿದ. ಚೌಕ ಕೆಂಪಾಯಿತು.

"ಸಾರ್," ಅಂದಳು ಅವಳು. ತನ್ನ ದನಿ ತನಗೇ ಹೊರಗಿನಿಂದ ಕೇಳಿಸಿತು. "ನೀವು ಬೇಸ್‌ಲೈನ್ ಕೇಳಿದ್ರಲ್ಲ. ಅದಕ್ಕೆ ನಾವು ಇವರನ್ನ..."

ಆಫೀಸರನ ಬೆರಳು ನಿಂತಿತು. ಅವನು ತಲೆಯೆತ್ತಲಿಲ್ಲ. ಕಿವಿಯ ತುದಿ ಮಾತ್ರ ನಿಧಾನವಾಗಿ ಕೆಂಪೇರಿತು.

"ಮೇಡಂ, ದಯವಿಟ್ಟು. ನೀವು ಆ ವಾಕ್ಯ ಮುಗಿಸಿದ್ರೆ ನಾನು ಅದನ್ನ ಬರೀಬೇಕಾಗುತ್ತೆ. ಬರೆದ್ರೆ ಇಲ್ಲಿಗೆ ನಿಲ್ಲಲ್ಲ, ಬೇರೆ ಕಡೆಗೂ ಹೋಗುತ್ತೆ. ನಿಮ್ಮ ಲೈಸೆನ್ಸ್‌ವರೆಗೂ. ನನಗೆ ಏನೂ ಕೇಳಿಸಲಿಲ್ಲ." ಟ್ಯಾಬ್ ಮುಚ್ಚಿ, "ನಾನು ಇದನ್ನ ಕೇಳಿರ್ಲಿಲ್ಲ ಮೇಡಂ. ಇದಲ್ಲ ನಾನು ಕೇಳಿದ್ದು," ಅಂದ.

ನಿಜ. ಅವನು ಕೇಳಿದ್ದು ಇದಲ್ಲ. ಅವನು ಕೇಳಿದ್ದು ಏನು ಎಂದು ಈಗ ಹೇಳಬಲ್ಲವರು ಆ ಕೋಣೆಯಲ್ಲಿ ಯಾರೂ ಇರಲಿಲ್ಲ.

ಅವನು ಸ್ನಾನ ನೋಡಲು ನಿಲ್ಲಲಿಲ್ಲ. ಈ ಹುಣ್ಣನ್ನು ಇವತ್ತೇ ಡಾಕ್ಟರಿಗೆ ತೋರಿಸಿ ಎಂದು ಎರಡು ಸಲ ಹೇಳಿದ. ಕಮಿಟಿಯ ನಿರ್ಧಾರ ಇಮೇಲಿನಲ್ಲಿ ಬರುತ್ತೆ ಅಂದ. ಬೀದಿಗಿಳಿದವನು ಒಮ್ಮೆ ನಿಂತು ಹಿಂತಿರುಗಿ, ಮತ್ತೆ ಕೈ ಮುಗಿದು ಹೋದ.

ಸೆಕ್ರೆಟರಿ ಒಳಗೆ ಬಂದಾಗ ದೊಡ್ಡಮ್ಮ ಆಗಲೇ ಹುಣ್ಣಿನ ಮೇಲೆ ಬಿಳಿ ಬಟ್ಟೆ ಒತ್ತಿ ಕಟ್ಟಿ, ಹಾಳೆ ಹಾಸಿ, ಟವೆಲ್ ಸುರುಳಿಗಳನ್ನು ಸಿಕ್ಕಿಸುತ್ತಿದ್ದಳು. ಹಾಳೆ ಹಾಸುವವರೆಗೆ ಎತ್ತಿ ಹಿಡಿದಿದ್ದ ಕ್ರೇನ್ ಡಾಕ್ಟರನ್ನು ಕರೆತರಲು ಓಡಿದ್ದ. ತಂಗಿ ಅಡುಗೆಮನೆಯಲ್ಲಿ ಇನ್ನಷ್ಟು ನೀರು ಕಾಯಿಸುತ್ತಿದ್ದಳು, ಪಾತ್ರೆಗಳು ಸುಮ್ಮಸುಮ್ಮನೆ ಸದ್ದು ಮಾಡುತ್ತಿದ್ದವು.

"ಹೋದ್ರಾ?" ಅಂದ ಕಂಡಕ್ಟರ್. "ಹೇಗಿತ್ತು? ನಾನು ಸರಿಯಾಗಿ ಹೇಳಿದ್ನಾ?"

"ಸರಿಯಾಗೇ ಹೇಳಿದ್ರಿ."

"ನಂಗೆ ಗೊತ್ತಿತ್ತು, ನಿಮ್ಮ ಮೇಲೆ ಬರುತ್ತೆ ಅಂತ. ಅದಕ್ಕೇ ಮಧ್ಯೆ ಬಾಯಿ ಹಾಕಿದೆ. ಜಗಳಕ್ಕೆ ಬಂದ ಎಷ್ಟು ಪ್ಯಾಸೆಂಜರ್‌ಗಳನ್ನ ಹಿಂಗೆ ಸಂಭಾಳಿಸಿದೀನಿ. ದುಡ್ಡು ಬರುತ್ತೆ ತಾನೆ?"

"ಬಾಯಿ ಮುಚ್ಚು, ನೀರು ಹೋಗುತ್ತೆ," ಎಂದಳು ದೊಡ್ಡಮ್ಮ. ಆಮೇಲೆ ಸೆಕ್ರೆಟರಿಯ ಕಡೆ ತಿರುಗಿ, ಎಷ್ಟೋ ದಿನಗಳ ಮೇಲೆ ಮೊದಲ ಸಲ, "ನಿಂತ್ಕೊಂಡು ನೋಡ್ತೀಯಲ್ಲ. ತಲೆ ಹಿಡ್ಕೊ. ಕಿವಿ ಮುಚ್ಚು, ಸೋಪಿನ ನೀರು ಒಳಗೆ ಇಳೀಬಾರದು."

ಅವಳು ಮಂಚದ ತಲೆಯ ಕಡೆ ನಿಂತು ಬಗ್ಗಿ ಅವನ ತಲೆಯನ್ನು ಎರಡೂ ಅಂಗೈಯಲ್ಲಿ ಹಿಡಿದಳು. ಮನುಷ್ಯನ ತಲೆ ಇಷ್ಟು ಭಾರ ಎಂದು ಅವಳಿಗೆ ಗೊತ್ತಿರಲಿಲ್ಲ. ಬೆಚ್ಚನೆಯ ಅಂಟುಅಂಟು ಕೂದಲು ಬೆರಳಿಗೆ ಸಿಕ್ಕಿಕೊಂಡಿತು. ಹೆಬ್ಬೆರಳುಗಳಿಂದ ಎರಡೂ ಕಿವಿಯನ್ನು ಒತ್ತಿ ಮುಚ್ಚಿದಳು. ದೊಡ್ಡಮ್ಮ ನೀರು ಹಾಕಿದಳು. ಕೆಳಗೆ ಹರಿದ ನೀರು ಕಂದುಬಣ್ಣಕ್ಕಿತ್ತು, ಎಷ್ಟು ಹಾಕಿದರೂ ಕಂದೇ.

ಆಗ ದೊಡ್ಡಮ್ಮ, ಕೈ ನಿಲ್ಲಿಸದೆ, ತಗ್ಗಿದ ದನಿಯಲ್ಲಿ ಕೇಳಿದಳು. "ದುಡ್ಡು ಬರಲ್ಲ ಅಲ್ವಾ?"

"ಬರಲ್ಲ ದೊಡ್ಡಮ್ಮ."

"ಇನ್ನು ಬರೋಕಾಗಲ್ಲ ಅಂತ ಯಾರ್ಯಾರಿಗೆ ಹೇಳ್ಬೇಕು, ಒಂದು ಯೋಚನೆ ಮಾಡು. ಮೊದಲು ಯಾರಿಗೆ ಅಂತ. ನಂಗೆ ಹೇಳೋಕೆ ಆಗಲ್ಲ."

ಸೆಕ್ರೆಟರಿ ಕೆಳಗೆ ನೋಡಿದಳು. ಕಂಡಕ್ಟರ್ ಕಣ್ಣು ಬಿಟ್ಟುಕೊಂಡು, ತಲೆಕೆಳಗಾಗಿ ಕಾಣುತ್ತಿದ್ದ ಇಬ್ಬರ ತುಟಿಗಳನ್ನೂ ಒಂದರ ನಂತರ ಒಂದು ನೋಡುತ್ತಿದ್ದ. ನಗುತ್ತಿದ್ದ.

"ಏನಂದ್ರಿ?" ಎಂದ ಅವನು, ಕಿವಿ ಮುಚ್ಚಿದವರು ಕೂಗುವಷ್ಟು ಜೋರಾಗಿ. "ನನ್ನ ಬಗ್ಗೆ ತಾನೆ? ಏನಂದ್ರಿ, ಹೇಳಿ!"

ದೊಡ್ಡಮ್ಮ ಇನ್ನೊಂದು ಚೊಂಬು ನೀರು ತುಂಬಿಕೊಂಡಳು. ಸೆಕ್ರೆಟರಿ ಕೈ ತೆಗೆಯಲಿಲ್ಲ.